ಅಟ್ಟದ ಮೇಲೆ ಸಿಕ್ಕ ಯಕ್ಷಗಾನ ಪ್ರಸಂಗದ ಪಟ್ಟಿಯನ್ನು ಉಳಿಸಿಕೊಳ್ಳುವುದು ಹೇಗೆ

ನವರಾತ್ರಿ ಹತ್ತಿರ ಬಂತು ಅಂದರೆ ನನಗೆ ಫೋನ್ ಬರಲು ಶುರುವಾಗುತ್ತದೆ. "ಅಟ್ಟ ಗುಡಿಸ್ತಾ ಇದ್ವಿ ಮೇಡಂ, ಅಜ್ಜಯ್ಯನ ಪ್ರಸಂಗದ ಪಟ್ಟಿ ಸಿಕ್ತು, ಇದನ್ನ ಎಂತ ಮಾಡೋದು?" ಹೊಸನಗರ, ತೀರ್ಥಹಳ್ಳಿ, ಸೊರಬ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಪಟ್ಟಿ ಅಂದರೆ ನಮ್ಮ ಕಡೆ ಬರೆಯುವ ನೋಟ್‌ಬುಕ್, ಪ್ರಸಂಗ ಅಂದರೆ ಯಕ್ಷಗಾನದಲ್ಲಿ ಹಾಡುವ ಪದ್ಯರೂಪದ ಕಥೆ. ನಾನು ಸಾಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಅಜ್ಜಯ್ಯ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಪದ್ಯ ಹಾಡುವ ಭಾಗವತಿಕೆ ಮಾಡುತ್ತಿದ್ದರು. ಹಾಗಾಗಿ ಲೈಬ್ರರಿಯವರ ಕಷ್ಟವೂ ಗೊತ್ತು, ಮನೆಯವರ ಕಷ್ಟವೂ ಗೊತ್ತು. ಫೋನಿನಲ್ಲಿ ಹೇಳಿ ಮುಗಿಯದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. "ಕರ್ಣಪರ್ವ ಅಚ್ಚಾಗಿದೆಯಲ್ಲ, ಅಂಗಡಿಯಲ್ಲೇ ಸಿಗತ್ತೆ. ಈ ಹರಕು ಪಟ್ಟಿ ಯಾಕೆ?" ಎಂದು ಕೇಳುವವರು ತುಂಬ ಜನ. ಅಚ್ಚಿನ ಪುಸ್ತಕದಲ್ಲಿ ಇರುವುದು ಕವಿ ಬರೆದ ಪದ್ಯ, ಅದರ ತಲೆಯ ಮೇಲೆ ರಾಗ ತಾಳದ ಹೆಸರು, ಅಷ್ಟೇ. ಯಕ್ಷಗಾನದಲ್ಲಿ ಮಾತನ್ನು ಯಾರೂ ಬರೆದಿಡುವುದಿಲ್ಲ. ಪಾತ್ರದ ಮಾತು ಆಡುವ ಅರ್ಥಧಾರಿಗಳು ಅಲ್ಲೇ ಕೂತು ಕಟ್ಟುತ್ತಾರೆ. ಚಂಡೆ ಮದ್ದಳೆಯ ಪೆಟ್ಟನ್ನೂ ಬರೆದಿಡುವುದಿಲ್ಲ. ಹಾಗಾದರೆ ಐವತ್ತು ಅರವತ್ತು ವರ್ಷದ ಹಿಂದೆ ನಿಮ್ಮೂರಲ್ಲಿ ಆ ಪ್ರಸಂಗ ಹೇಗೆ ನಡೆಯುತ್ತಿತ್ತು ಎನ್ನುವುದಕ್ಕೆ ಗುರುತು ಎಲ್ಲಿದೆ? ಭಾಗವತರ ಪಟ್ಟಿಯ ಅಂಚಿನಲ್ಲಿದೆ.

ನನ್ನ ಅಜ್ಜಯ್ಯನ ಕರ್ಣಪರ್ವದ ಪಟ್ಟಿ ಈಗ ನನ್ನ ಮುಂದೆ ಇದೆ. ಉದ್ದನೆಯ ಪಟ್ಟಿ, ಗೆರೆ ಹಾಕಿದ ಕಾಗದ. ಪದ್ಯ ನೀಲಿ ಕಪ್ಪು ಶಾಯಿಯಲ್ಲಿದೆ, ರಾಗ ತಾಳ ಕೆಂಪಿನಲ್ಲಿದೆ. ಒಂದು ಕಡೆ ‘ಝಂಪೆ’ ಎಂಬ ತಾಳದ ಹೆಸರನ್ನು ಹೊಡೆದುಹಾಕಿ ಮೇಲೆ ಪೆನ್ಸಿಲಿನಲ್ಲಿ ‘ಏಕ’ ಎಂದು ಬರೆದಿದ್ದಾರೆ. ಮುಂದಿನ ಮೂರು ಪದ್ಯಗಳ ಪಕ್ಕ ಉದ್ದಕ್ಕೆ ಗೆರೆ ಎಳೆದು ‘ಬಿಡು’ ಎಂದಿದೆ. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಹೇಳು, ಶಲ್ಯ ಕೇಳಿದರೆ’ ಎಂದಿದೆ. ಶಲ್ಯನ ಅರ್ಥ ಹೇಳುವವರು ಬೇಕು ಅಂದರೆ ಆ ಪದ್ಯ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟು ಸಣ್ಣ ಬರಹದಲ್ಲಿ ಇಡೀ ಕೂಟದ ಹೊಂದಾಣಿಕೆ ಕಾಣುತ್ತದೆ. ಇದು ಯಾವ ಅಚ್ಚಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ನಾನು ಹಿಡಿದಿರುವ ನಿಯಮ ಒಂದೇ. ಪದ್ಯವನ್ನು ಉಳಿಸಿದರೆ ಸಾಲದು, ಪಟ್ಟಿಯನ್ನೇ ಉಳಿಸಬೇಕು. ಅಂಚು, ಕಲೆ, ಹೊಡೆದ ಗೆರೆ, ನಡುವೆ ಸಿಕ್ಕಿಸಿದ ಚೀಟಿ, ಎಲ್ಲ ಸೇರಿ.

ಹೊರದೇಶದ ಒಪೆರಾ ಹಸ್ತಪ್ರತಿಗಳ ಕಥೆ ಓದಿದಾಗ ಈ ನಂಬಿಕೆ ಇನ್ನೂ ಗಟ್ಟಿಯಾಯಿತು. ಅಲ್ಲೂ ಹಾಡಿನಲ್ಲೇ ನಾಟಕ ನಡೆಯುತ್ತದೆ. ಇಟಲಿಯ ಸಂಗೀತಗಾರ ಮೊಂತೆವೆರ್ದಿ 1608ರಲ್ಲಿ ಮಾಂತುವಾ ಊರಿನಲ್ಲಿ ‘ಅರಿಯಾನ್ನಾ’ ಎಂಬ ಒಪೆರಾ ಆಡಿಸಿದ. ಅದರ ಸಂಗೀತದಲ್ಲಿ ಇವತ್ತು ಉಳಿದಿರುವುದು ಅರಿಯಾನ್ನಾ ಅಳುವ ಒಂದು ಹಾಡು ಮಾತ್ರ. ಮಿಕ್ಕಿದ್ದೆಲ್ಲ ಹೋಯಿತು. ಅವನ ಕೊನೆಯ ಒಪೆರಾ ‘ಪೊಪ್ಪೆಯಾ’ದ್ದು ಎರಡು ಕೈಬರಹದ ಪ್ರತಿಗಳಿವೆ, ಒಂದು ವೆನಿಸ್ಸಿನ ಗ್ರಂಥಾಲಯದಲ್ಲಿ, ಇನ್ನೊಂದು ನೇಪಲ್ಸಿನಲ್ಲಿ. ಎರಡೂ ಅವನು ತೀರಿಕೊಂಡ ಮೇಲೆ ನಕಲಾದವು. ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಬಹುಪಾಲು ಕಡೆ ಹಾಡುವವರ ಸಾಲು, ಕೆಳಗೆ ಮಂದ್ರದ ಒಂದು ಸಾಲು, ಇಷ್ಟೇ ಬರೆದಿದೆ. ಉಳಿದದ್ದನ್ನು ವಾದ್ಯದವರು ಅಲ್ಲೇ ತುಂಬಿಕೊಳ್ಳಬೇಕು. ನಮ್ಮ ಪ್ರಸಂಗದ ಹಾಗೇ ಅಲ್ವಾ? ವೆನಿಸ್ಸಿನ ಪ್ರತಿಯಲ್ಲಿ ಆಡಿಸಿದವರು ಹಾಡುಗಳನ್ನು ಬಿಟ್ಟ, ಬದಲಿಸಿದ ಗುರುತುಗಳೂ ಇವೆ. ವಿದ್ವಾಂಸರು ಆ ಗುರುತುಗಳ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಬಿಡಿ ಹಾಳೆಗಳನ್ನು ಎಸೆಯಲು ಹೊರಟವರಿಗೆ ನಾನು ಹೇಳುವುದು ಇಟಲಿಯ ಇನ್ನೊಬ್ಬ ಒಪೆರಾ ಸಂಗೀತಗಾರ ರೊಸ್ಸೀನಿಯ ಕಥೆ. 1825ರಲ್ಲಿ ಪ್ಯಾರಿಸ್ಸಿನಲ್ಲಿ ಹತ್ತನೇ ಚಾರ್ಲ್ಸ್ ರಾಜನ ಪಟ್ಟಾಭಿಷೇಕದ ಸಂಭ್ರಮಕ್ಕೆಂದು ಅವನು ‘ರೀಮ್ಸ್ ಯಾತ್ರೆ’ ಎಂಬ ಒಪೆರಾ ಮಾಡಿದ. ಕೆಲವೇ ಆಟ ಆದ ಮೇಲೆ ಹಿಂದಕ್ಕೆ ತೆಗೆದುಕೊಂಡ. 1828ರಲ್ಲಿ ಅದರ ಎಷ್ಟೋ ಹಾಡುಗಳನ್ನು ಬೇರೆ ಒಪೆರಾಕ್ಕೆ ಹಾಕಿಕೊಂಡ. ಮೂಲ ಕೃತಿ ಚದುರಿಹೋಯಿತು. 1970ರ ದಶಕದಲ್ಲಿ ರೋಮಿನ ಸಂಗೀತ ಶಾಲೆಯೊಂದರ ಗ್ರಂಥಾಲಯದಲ್ಲಿ ಒಂದು ಕಟ್ಟು ಸಿಕ್ಕಿತು. ಬೇರೆ ಒಪೆರಾಕ್ಕೆ ಹಾಕಿಕೊಳ್ಳದೆ ಬಿಟ್ಟಿದ್ದ ಭಾಗಗಳು ಅದರಲ್ಲಿದ್ದವು. ಪ್ಯಾರಿಸ್, ವಿಯೆನ್ನಾಗಳಲ್ಲಿ ಉಳಿದಿದ್ದ ಹಾಳೆಗಳನ್ನೂ ಜೊತೆಗಿಟ್ಟು ಜೋಡಿಸಿದರು. 1984ರಲ್ಲಿ ರೊಸ್ಸೀನಿ ಹುಟ್ಟಿದ ಪೆಸಾರೊ ಊರಿನಲ್ಲಿ ಅದು ಮತ್ತೆ ರಂಗಕ್ಕೆ ಬಂತು. ನಿಮ್ಮ ಮನೆಯ ಬಿಡಿ ಹಾಳೆಯ ಜೊತೆಗಾರ ಹಾಳೆ ಯಾರ ಮನೆಯ ಅಟ್ಟದಲ್ಲಿದೆಯೋ ಹೇಳಲು ಬರುವುದಿಲ್ಲ. ಅರ್ಧ ಪ್ರಸಂಗ ಸಿಕ್ಕಿದರೂ ಇಟ್ಟುಕೊಳ್ಳಿ.

ಸಿಕ್ಕಿದ ದಿನ

ಎತ್ತುವ ಮೊದಲು ಫೋಟೋ ತೆಗೆಯಿರಿ. ಯಾವ ಪೆಟ್ಟಿಗೆ, ಯಾವುದರ ಮೇಲೆ ಯಾವುದಿತ್ತು, ಎಲ್ಲ ಕಾಣುವ ಹಾಗೆ. ಒಂದೇ ಕಟ್ಟಿನಲ್ಲಿದ್ದ ಪಟ್ಟಿಗಳು ಹೆಚ್ಚಾಗಿ ಒಬ್ಬರೇ ಭಾಗವತರದ್ದು, ಇಲ್ಲವೇ ಒಂದೇ ಕೂಟದ್ದು. ಒಮ್ಮೆ ಬೆರೆಸಿದರೆ ಆ ಸಂಬಂಧ ತಪ್ಪಿಹೋಗುತ್ತದೆ. ಪುಟ ಹಿಂದುಮುಂದಾಗಿ ಕಂಡರೂ ಆವತ್ತೇ ಸರಿ ಮಾಡಲು ಹೋಗಬೇಡಿ.

ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಬೂಷ್ಟು ಬಂದ ಕಾಗದದ ಧೂಳು ಉಸಿರಿಗೆ ಒಳ್ಳೆಯದಲ್ಲ, ಅಸ್ತಮಾ ಇದ್ದವರು ಮುಟ್ಟಲೇಬಾರದು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು, ಗ್ಲೌಸ್ ಬೇಡ. ಗ್ಲೌಸ್ ಹಾಕಿದರೆ ಬೆರಳಿಗೆ ಕಾಗದದ ಅಂಚು ಗೊತ್ತಾಗುವುದಿಲ್ಲ, ಹರಿಯುವುದೇ ಜಾಸ್ತಿ.

ಆಮೇಲೆ ಮೂರು ಗುಂಪು ಮಾಡಿ. ಒಣಗಿ ಗಟ್ಟಿಯಾಗಿರುವುದು, ತೇವ ಇರುವುದು, ಹುಳ ಓಡಾಡುತ್ತಿರುವುದು. ಹುಳದ್ದನ್ನು ತಕ್ಷಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಿರಿ, ಇಲ್ಲದಿದ್ದರೆ ಒಳ್ಳೆಯದಕ್ಕೂ ಹತ್ತುತ್ತದೆ. ಕಾಗದದ ಪಟ್ಟಿ ಒಣಗಿದ್ದರೆ ಒಂದು ಒಳ್ಳೆಯ ಉಪಾಯ ಇದೆ. ಎರಡು ಚೀಲದೊಳಗೆ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿ ಇರುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹುಳ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ಬೂಷ್ಟಿಗೆ ಇದು ಮದ್ದಲ್ಲ, ಬೂಷ್ಟು ತಣ್ಣಗಾದರೆ ಮಲಗುತ್ತದೆಯೇ ಹೊರತು ಸಾಯುವುದಿಲ್ಲ. ಓಲೆಗರಿಯನ್ನು ಮನೆಯ ಫ್ರೀಜರಿಗೆ ಹಾಕಬೇಡಿ.

ತೇವದ್ದನ್ನು ಬಿಸಿಲಿಗೆ ಹಾಕುವುದು ನಮ್ಮ ಕಡೆಯವರ ಮೊದಲ ಯೋಚನೆ. ಅಡಿಕೆ ಹರಡುವ ಅಟ್ಟಣಿಗೆಯ ಮೇಲೆ ಪಟ್ಟಿ ಹರಡಿದ್ದನ್ನೂ ನೋಡಿದ್ದೇನೆ. ಬೇಡ. ಬಿಸಿಲಿಗೆ ಶಾಯಿ ಬಿಳಚುತ್ತದೆ, ಕಾಗದ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿ ನೇರ ಬಡಿಯದ ಕಡೆ ಇಡಿ. ಕೆಲವು ಪುಟಕ್ಕೊಂದು ಬಿಳಿ ಕಾಗದ ಸೇರಿಸಿ, ಅದು ಒದ್ದೆಯಾದಾಗ ಬದಲಿಸಿ. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಇದಕ್ಕೆ ಹತ್ತುತ್ತದೆ.

ಒಂದು ಪೆನ್ಸಿಲ್ ಬಗ್ಗೆ ವಿಶೇಷವಾಗಿ ಎಚ್ಚರ ಇರಲಿ. ಹಿಂದೆ ‘ಕಾಪಿಯಿಂಗ್ ಪೆನ್ಸಿಲ್’ ಅಂತ ಬರುತ್ತಿತ್ತು. ನೋಡಲು ಸಾಮಾನ್ಯ ಸೀಸದ ಕಡ್ಡಿಯ ಬರಹದ ಹಾಗೇ ಬೂದು. ಒಂದು ಹನಿ ನೀರು ಬಿದ್ದರೆ ನೇರಳೆ ಬಣ್ಣವಾಗಿ ಹರಡುತ್ತದೆ. ಅಂಚಿನ ಬರಹದಲ್ಲಿ ಎಲ್ಲಾದರೂ ನೇರಳೆ ಚುಕ್ಕೆ ಕಂಡರೆ ಆ ಪಟ್ಟಿಯ ಹತ್ತಿರ ಒದ್ದೆ ಬಟ್ಟೆಯನ್ನೂ ತರಬೇಡಿ.

ಸ್ವಚ್ಛ ಮಾಡುವಾಗ

ಕಡಿಮೆ ಮಾಡಿದಷ್ಟೂ ಒಳ್ಳೆಯದು. ಮೆತ್ತಗಿನ ಅಗಲ ಬ್ರಷ್ ತೆಗೆದುಕೊಂಡು ಹೊಲಿಗೆಯ ಕಡೆಯಿಂದ ಹೊರ ಅಂಚಿನ ಕಡೆಗೆ ಧೂಳು ತಳ್ಳಿ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ಇದ್ದರೆ ನಿಧಾನಕ್ಕೆ ಬಿಡಿಸಿ. ರಬ್ಬರ್ ಬ್ಯಾಂಡ್ ತೆಗೆದುಹಾಕಿ. ರಬ್ಬರ್ ತೆಗೆದುಕೊಂಡು ಉಜ್ಜಬೇಡಿ, ಹೋಗುವುದು ಕೊಳೆಯಲ್ಲ, ಅಜ್ಜಯ್ಯನ ‘ಬಿಡು’.

ಸೆಲ್ಲೋಟೇಪ್ ಹಚ್ಚಲೇಬೇಡಿ. ಕೆಲವು ವರ್ಷಕ್ಕೆ ಟೇಪು ಉದುರುತ್ತದೆ, ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗಿ ಉಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ಒಂದು ಮನೆಯವರು ತುಂಬ ಪ್ರೀತಿಯಿಂದ ತಮ್ಮ ಕೃಷ್ಣಸಂಧಾನದ ಒಂದೊಂದು ಪುಟವನ್ನೂ ಲ್ಯಾಮಿನೇಟ್ ಮಾಡಿಸಿಟ್ಟಿದ್ದರು. ಒಳಗೇ ಸಿಕ್ಕಿಕೊಂಡ ತೇವದಿಂದ ಕಾಗದ ಕಪ್ಪಾಗುತ್ತಿತ್ತು, ಬಿಡಿಸಲು ದಾರಿ ಇರಲಿಲ್ಲ. ನನಗೆ ಇವತ್ತಿಗೂ ಬೇಜಾರು. ಹರಿದ ಪುಟವನ್ನು ಅಂಟಿಸುವ ಬದಲು ಬಿಳಿ ಕಾಗದ ಮಡಚಿ ಅದರೊಳಗೆ ಇಡಿ. ಅಂಟಿಸಬೇಕಾದ್ದನ್ನು ಗೊತ್ತಿದ್ದವರು ತೆಳು ಜಪಾನಿ ಕಾಗದ ಹಾಕಿ ಅಂಟಿಸುತ್ತಾರೆ, ಆ ಕೆಲಸ ಅವರಿಗೇ ಇರಲಿ.

ಓಲೆಗರಿಯ ಕಟ್ಟು ಸಿಕ್ಕಿದರೆ

ಓಲೆ ಎರಡು ಬಗೆ. ಶ್ರೀತಾಳದ್ದು ತೆಳ್ಳಗೆ, ಅಗಲ, ಬಗ್ಗಿಸಿದರೆ ಬಗ್ಗುತ್ತದೆ. ಇನ್ನೊಂದು ಸಾಮಾನ್ಯ ತಾಳೆಯದ್ದು, ದಪ್ಪ ಮತ್ತು ಒರಟು. ಶ್ರೀತಾಳದ ಮರ ಹತ್ತಾರು ವರ್ಷ ಬೆಳೆದು, ಜೀವಮಾನದಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುತ್ತದೆ. ಓಲೆಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ಬರೆಯುತ್ತಿದ್ದರು, ಆಮೇಲೆ ಮಸಿ ತೀಡಿ ಒರೆಸುತ್ತಿದ್ದರು. ಮಸಿ ಕೊರೆದ ಗೆರೆಯಲ್ಲಿ ಮಾತ್ರ ನಿಲ್ಲುತ್ತದೆ. ಎಷ್ಟೋ ಕಟ್ಟುಗಳಲ್ಲಿ ಮಸಿ ಹೋಗಿರುತ್ತದೆ, ಇಲ್ಲವೇ ತೀಡಿಯೇ ಇರುವುದಿಲ್ಲ. ಮನೆಯವರು "ಖಾಲಿ ಗರಿ" ಅಂದುಕೊಂಡುಬಿಡುತ್ತಾರೆ.

ಖಾಲಿ ಹೌದೋ ಅಲ್ಲವೋ ನೋಡುವುದು ಸುಲಭ. ಸಂಜೆ ಕಿಟಕಿಯ ಪಕ್ಕ ಕೂತು ಗರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಬೆಳಕು ಓರೆಯಾಗಿ ಬಿದ್ದಾಗ ಕೊರೆದ ಅಕ್ಷರದ ನೆರಳು ಏಳುತ್ತದೆ. ಟಾರ್ಚ್ ಆದರೆ ಮೇಲಿನಿಂದ ಬಿಡಬೇಡಿ, ಬದಿಯಿಂದ, ಗರಿಗೆ ತಾಗಿದ ಹಾಗೆ ಬಿಡಿ. ಹೊಸನಗರದ ಹತ್ತಿರದ ಒಂದು ಮನೆಯಲ್ಲಿ ಹೀಗೆ ಹಿಡಿದು ತೋರಿಸಿದೆ. ಅಲ್ಲಿಯ ಅಜ್ಜಿ ಅದುವರೆಗೆ "ಈ ಕಸ ಎಂತಕ್ಕೆ ತಂಗಿ" ಅನ್ನುತ್ತಿದ್ದರು. ಅಕ್ಷರ ಕಂಡ ಕೂಡಲೇ ಕೈ ಒರೆಸಿಕೊಂಡು ಬಂದು ಕಟ್ಟಿಗೆ ನಮಸ್ಕಾರ ಮಾಡಿದರು. ಎಡದ ಅಂಚಿನಲ್ಲಿ ಕನ್ನಡ ಅಂಕಿಯಲ್ಲಿ ಗರಿಯ ಸಂಖ್ಯೆ ಇತ್ತು. ಮೊದಲ ಸಾಲಿನಲ್ಲೇ ರಾಗ ಸೌರಾಷ್ಟ್ರ ಎಂದು ಓದಿಸಿಕೊಂಡಿತು.

ಗರಿ ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡಿ, ಚಾಕು ತೂರಿಸಬೇಡಿ. ಮೇಲ್ಪದರ ಕಿತ್ತು ಬಂದರೆ ಅಕ್ಷರ ಅದರ ಜೊತೆಗೇ ಹೋಗುತ್ತದೆ. ಅದು ಸಂರಕ್ಷಕರ ಕೆಲಸ. ತೆಂಗಿನೆಣ್ಣೆ ಹಚ್ಚುವ ರೂಢಿ ಕೆಲವು ಮನೆಗಳಲ್ಲಿದೆ, ಅದನ್ನು ನಿಲ್ಲಿಸಿ. ಎಣ್ಣೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಕೇಂದ್ರಗಳಲ್ಲಿ ಸಿಟ್ರೊನೆಲ್ಲಾ ಎಣ್ಣೆ ಬಳಸುತ್ತಾರೆ. ಅದು ಗರಿಗೆ ಮೆದುತನ ಕೊಡುತ್ತದೆ, ಹುಳವನ್ನೂ ದೂರ ಇಡುತ್ತದೆ. ಮನೆಯಲ್ಲಿ ಮಾಡಲೇಬೇಕಾದರೆ ಬರಹ ಇಲ್ಲದ ಅಂಚಿನಲ್ಲಿ ಮೊದಲು ಹಚ್ಚಿ ನೋಡಿ. ಬಣ್ಣದ ಚಿತ್ರ ಇರುವ ಗರಿಗೆ ಏನನ್ನೂ ಹಚ್ಚಬೇಡಿ.

ಹಳೆಯ ಲಿಪಿಕಾರರು ಕಟ್ಟಿನ ಕೊನೆಗೆ ಒಂದು ಬೇಡಿಕೆ ಬರೆದಿಡುತ್ತಿದ್ದರು. ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ನನ್ನನ್ನು ಕಾಪಾಡು ಎಂದು ಪುಸ್ತಕವೇ ಹೇಳುವ ಹಾಗೆ. ಆ ಸಡಿಲ ಕಟ್ಟಿನ ಮಾತು ನೂರಕ್ಕೆ ನೂರು ನಿಜ. ಎರಡು ಕಡೆ ಮರದ ಹಲಗೆ ಇಟ್ಟು, ಹತ್ತಿ ದಾರದಿಂದ ಗರಿ ಅಲ್ಲಾಡದ ಹಾಗೆ ಕಟ್ಟಬೇಕು. ಸಡಿಲ ಇದ್ದರೆ ಗರಿ ಸೊಟ್ಟಗಾಗುತ್ತದೆ, ಸಂದಿಯಲ್ಲಿ ಹುಳ ಸೇರುತ್ತದೆ. ತೂತಿನಲ್ಲಿ ಹಳೆಯ ದಾರ ಇದ್ದರೆ ಜಗ್ಗಬೇಡಿ, ಕತ್ತರಿಸಿ ತೆಗೆಯಿರಿ. ಜಗ್ಗಿದರೆ ತೂತು ಸೀಳುತ್ತದೆ.

ಎಲ್ಲಿ ಇಡಬೇಕು

ಇದು ಮಲೆನಾಡಿನವರಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆಷಾಢ, ಶ್ರಾವಣದಲ್ಲಿ ನಮ್ಮ ಮನೆಗಳ ಒಳಗೂ ಗಾಳಿಯ ತೇವ ನೂರಕ್ಕೆ 90 ದಾಟುತ್ತದೆ. 65 ದಾಟಿದರೆ ಬೂಷ್ಟಿಗೆ ಹಬ್ಬ.

ಹಾಗಿದ್ದರೆ ಹಿಂದಿನವರು ನೂರು ಇನ್ನೂರು ವರ್ಷ ಹೇಗೆ ಇಟ್ಟುಕೊಂಡರು? ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಕೆಳಗೆ ಒಲೆ ಉರಿಯುತ್ತಿತ್ತು, ಬೆಚ್ಚನೆಯ ಒಣ ಗಾಳಿ ಮೇಲೆ ಹೋಗುತ್ತಿತ್ತು. ಹೊಗೆಗೆ ಹುಳ ಬರುತ್ತಿರಲಿಲ್ಲ. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ, ಮಳೆ ಕಳೆದು ಗಾಳಿ ಒಣಗುವ ಹೊತ್ತಿಗೆ, ಶಾರದಾ ಪೂಜೆಗೆಂದು ಎಲ್ಲವನ್ನೂ ಕೆಳಗೆ ಇಳಿಸಿ ಬಿಚ್ಚಿ ಒರೆಸುತ್ತಿದ್ದರು. ಗ್ಯಾಸ್ ಬಂತು, ಒಲೆ ಆರಿತು. ಕಟ್ಟು ಮಾತ್ರ ಅದೇ ಅಟ್ಟದಲ್ಲಿ ಉಳಿಯಿತು. ನನಗೆ ಬರುವ ಫೋನುಗಳಲ್ಲಿ ಬಹುಪಾಲು ಹಾಳಾಗಿದ್ದು ಒಲೆ ಆರಿದ ಮೇಲೆ. ಆದ್ದರಿಂದ "ಹಿಂದಿನವರು ಅಲ್ಲೇ ಇಟ್ಟಿದ್ದರು" ಎಂದು ಅಲ್ಲೇ ಬಿಡಬೇಡಿ.

ಕೆಳಗೆ ತನ್ನಿ. ಮಳೆ ಬಡಿಯುವ ಹೊರಗೋಡೆ ಬಿಟ್ಟು ನಡುಮನೆಯ ಒಳಗೋಡೆಗೆ ಇಡಿ. ನೆಲದಿಂದ ಒಂದಡಿಯಾದರೂ ಮೇಲಿರಲಿ, ಗೋಡೆಗೆ ತಾಗಬಾರದು. ಒರಲೆ ಗೋಡೆಯ ಮೇಲೇ ಹತ್ತುವುದು. ಕಬ್ಬಿಣದ ಬೀರು ಒರಲೆಗೆ ಒಳ್ಳೆಯದು, ಆದರೆ ಮಳೆಗಾಲದಲ್ಲಿ ಮುಚ್ಚಿಯೇ ಇಟ್ಟರೆ ಒಳಗೆ ಬೆವರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಮಳೆ ಬಿಟ್ಟ ಮಧ್ಯಾಹ್ನ ಬಾಗಿಲು ತೆರೆದು ಒಂದು ಗಂಟೆ ಗಾಳಿ ಆಡಿಸಿ. ತೇವ ಅಳೆಯುವ ಸಣ್ಣ ಮೀಟರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಒಂದನ್ನು ಬೀರುವಿನೊಳಗೆ ಇಟ್ಟುಕೊಳ್ಳಿ.

ಸುತ್ತಲು ಹಳೆಯ ಹತ್ತಿ ಪಂಚೆಯ ತುಂಡು ಸಾಕು, ಚೆನ್ನಾಗಿ ತೊಳೆದು ಗಂಜಿ ಬಿಟ್ಟದ್ದು. ಕೆಂಪು ಬಟ್ಟೆಯೇ ಬೇಕು ಎನ್ನುವವರು ಬಣ್ಣ ಬಿಡುವುದು ನಿಲ್ಲುವವರೆಗೆ ಒಗೆಯಿರಿ. ಬಜೆ ಬೇರಿನ ಪುಡಿ, ಒಣ ಬೇವಿನೆಲೆ ಸಣ್ಣ ಗಂಟು ಕಟ್ಟಿ ಪಕ್ಕದಲ್ಲಿಡಿ. ಪುಟದ ನಡುವೆ ಹಾಕಬೇಡಿ, ಕಲೆಯಾಗುತ್ತದೆ. ನುಸಿಗುಳಿಗೆ ನಾನು ಬಳಸುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ಅದರ ವಾಸನೆ ಯಾರಿಗೂ ಒಳ್ಳೆಯದಲ್ಲ.

ಫೋಟೋ ತೆಗೆಯುವುದು

ಒಳ್ಳೆಯ ಮೊಬೈಲ್ ಸಾಕು. ಫ್ಲ್ಯಾಶ್ ಬೇಡ. ಜಗಲಿಯ ಬೆಳಕು ತುಂಬ ಚೆನ್ನ. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನೇರ ಕೆಳಗೆ ನೋಡುವ ಹಾಗೆ ನಿಲ್ಲಿಸಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ಅಳತೆ ಗೊತ್ತಾಗಲಿ.

ಸ್ಕ್ಯಾನ್ ಮಾಡುವ ಆ್ಯಪುಗಳಿಂದ ಹುಷಾರು. ಅವು ಪುಟವನ್ನು ಬೆಳ್ಳಗೆ ಮಾಡಿ, ಅಕ್ಷರವನ್ನು ಕಪ್ಪಗೆ ಮಾಡಿ, ನೋಡಲು ಚಂದ ಮಾಡಿಬಿಡುತ್ತವೆ. ಹಾಗೆ ಮಾಡುವಾಗ ತೆಳುವಾದ ಪೆನ್ಸಿಲ್ ಗುರುತು ಕಲೆ ಅಂದುಕೊಂಡು ಅಳಿಸಿಬಿಡುತ್ತವೆ. ಕೆಂಪು ಶಾಯಿಯೂ ಕಪ್ಪಾಗುತ್ತದೆ. ಯಾವುದಕ್ಕಾಗಿ ಇಷ್ಟು ಕಷ್ಟ ಪಟ್ಟೆವೋ ಅದೇ ಹೋಗುತ್ತದೆ. ಮಾಮೂಲಿ ಕ್ಯಾಮೆರಾದಲ್ಲೇ, ಬಣ್ಣದಲ್ಲೇ, ಪೂರ್ತಿ ಅಳತೆಯಲ್ಲಿ ತೆಗೆಯಿರಿ. ಪುಟದ ನಾಲ್ಕೂ ಅಂಚು ಚೌಕಟ್ಟಿನೊಳಗೆ ಬರಬೇಕು. ರಟ್ಟು, ಹಿಂಬದಿ, ಖಾಲಿ ಪುಟ, ಯಾವುದನ್ನೂ ಬಿಡಬೇಡಿ. ಸಿಕ್ಕಿಸಿದ ಚೀಟಿ ಇದ್ದರೆ ಮೊದಲು ಇದ್ದ ಹಾಗೇ, ಆಮೇಲೆ ತೆಗೆದು, ಎರಡು ಸಲ ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೋದ ಹಾಗೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿ.

ಫೈಲಿಗೆ ಪ್ರಸಂಗದ ಹೆಸರು, ಊರು, ಪುಟದ ಸಂಖ್ಯೆ ಕೊಡಿ. ಒಂದು ಪ್ರತಿ ಮನೆಯಲ್ಲಿ, ಒಂದು ಬೆಂಗಳೂರಲ್ಲೋ ಶಿವಮೊಗ್ಗದಲ್ಲೋ ಇರುವ ಮಕ್ಕಳ ಹತ್ತಿರ ಇರಲಿ.

ಯಾವ ಕಾಲದ್ದು ಎಂದು ತಿಳಿಯುವುದು

ಕೊನೆಯ ಪುಟ ಮೊದಲು ನೋಡಿ. ನಕಲು ಮಾಡಿದವರು ಅಲ್ಲಿ ಸಂವತ್ಸರ, ಮಾಸ, ತಿಥಿ, ತಮ್ಮ ಹೆಸರು ಬರೆಯುತ್ತಿದ್ದರು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ‘ವಿಕಾರಿ’ ಎಂದಿದ್ದರೆ ಅದು 1899ರ ಯುಗಾದಿಗೆ ಶುರುವಾದದ್ದೂ ಆಗಬಹುದು, 1959ರದ್ದೂ ಆಗಬಹುದು. ಆಗ ರಟ್ಟಿನ ಮೇಲಿನ ಬೆಲೆ ನೋಡಬೇಕು. ನಮ್ಮಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲಿನಲ್ಲಿ. ಬೆಲೆ ಆಣೆಯಲ್ಲಿ ಇದ್ದರೆ ಪಟ್ಟಿ ಅಚ್ಚಾದದ್ದು ಹೆಚ್ಚಾಗಿ ಅದಕ್ಕಿಂತ ಮುಂಚೆ. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ಒಳಗಿನದ್ದು, 1964ರಲ್ಲಿ ‘ನಯಾ’ ಬಿಟ್ಟು ಬರೀ ಪೈಸೆ ಆಯಿತು. ವಿಕಾರಿಯೂ ಇದೆ, ನಯಾ ಪೈಸೆಯೂ ಇದೆ ಅಂದರೆ 1959ರದ್ದು, ಅನುಮಾನವೇ ಬೇಡ. ಇಷ್ಟಕ್ಕೇ ರಟ್ಟನ್ನು ಎಸೆಯಬೇಡಿ ಎಂದು ಹೇಳುವುದು.

ಓದಲು ಕೂತಾಗ ಇನ್ನೊಂದು ತೊಡಕು ಬರುತ್ತದೆ. ಹಳೆಯ ಓಲೆಗಳಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಎ, ಏ ಮತ್ತು ಒ, ಓ ಇವುಗಳ ವ್ಯತ್ಯಾಸವನ್ನೂ ಬಹಳ ಕಡೆ ತೋರಿಸುವುದಿಲ್ಲ. ‘ಕೆಳು’ ಎಂದು ಕಂಡದ್ದು ‘ಕೇಳು’ ಆಗಿರುತ್ತದೆ. ಹೇಗೆ ತೀರ್ಮಾನ ಮಾಡುವುದು? ಮಾತ್ರೆ ಎಣಿಸಿ. ಭಾಮಿನಿ ಷಟ್ಪದಿಯ ಸಣ್ಣ ಸಾಲಿನಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು 14 ಮಾತ್ರೆ ಇರುತ್ತದೆ. ವಾರ್ಧಕದಲ್ಲಿ ಐದೈದರ ನಾಲ್ಕು ಗಣ, ಒಟ್ಟು 20. ಒಂದು ಮಾತ್ರೆ ಕಡಿಮೆ ಬಂದರೆ ಎಲ್ಲೋ ದೀರ್ಘ ತಪ್ಪಿದೆ, ಇಲ್ಲವೇ ಅಕ್ಷರ ಹುಳ ತಿಂದಿದೆ. ಇದಕ್ಕಿಂತ ಸುಲಭದ ದಾರಿ ಊರಿನ ಹಿರಿಯ ಭಾಗವತರ ಹತ್ತಿರ ಕೂತು ಹಾಡಿಸುವುದು. ತಾಳ ಹಾಕಿ ಹಾಡಿದರೆ ತಪ್ಪು ಅಕ್ಷರ ತಾನೇ ಎಡವುತ್ತದೆ. ಹಾಡಿದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಅವರು ಅಂಚಿನ ಗುರುತು ನೋಡಿ "ಇದು ಇಂಥವರು ಅರ್ಥ ಹೇಳುವಾಗ ಬಿಡ್ತಿದ್ದ ಪದ್ಯ" ಅಂದರೆ ಅದನ್ನೂ ತಪ್ಪದೆ ಬರೆದಿಡಿ, ಪಟ್ಟಿಯ ಮೇಲಲ್ಲ, ಬೇರೆ ಕಾಗದದಲ್ಲಿ.

ಅಕ್ಷರವೇ ಗುರುತು ಸಿಗದಿದ್ದರೆ ತಿಗಳಾರಿ ಲಿಪಿ ಇರಬಹುದು. ನಮ್ಮ ಕಡೆ ಮಂತ್ರ, ಪ್ರಯೋಗ, ಸಂಸ್ಕೃತ ಗ್ರಂಥಗಳನ್ನು ಹೆಚ್ಚಾಗಿ ಅದರಲ್ಲೇ ಬರೆದಿದ್ದಾರೆ. 2024ರಲ್ಲಿ ಕಂಪ್ಯೂಟರಿನ ಅಕ್ಷರಗಳ ಯೂನಿಕೋಡಿಗೂ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ ಸೇರಿತು. ಪ್ರಸಂಗ ಅಲ್ಲ ಎಂದು ಪಕ್ಕಕ್ಕೆ ತಳ್ಳಬೇಡಿ, ಓದುವವರಿಗೆ ತೋರಿಸಿ.

ಲೈಬ್ರರಿಗೆ ಕೊಡುವುದಾದರೆ

ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದಾದರೆ ಕೊಡುವುದೇ ಸರಿ. ಸಾಗರದವರಿಗೆ ಹತ್ತಿರ ಅಂದರೆ ಕೆಳದಿಯ ಮ್ಯೂಸಿಯಂ, ಅಲ್ಲಿ ಓಲೆಗರಿಗಳ ಸಂಗ್ರಹ ಇದೆ. ಧರ್ಮಸ್ಥಳದಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗಗಳಿವೆ. ಮೈಸೂರಿನ ಓರಿಯಂಟಲ್ ಲೈಬ್ರರಿ 1891ರದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಅಲ್ಲಿಗೆ ಬಂದದ್ದೂ ಒಬ್ಬರು ಕಟ್ಟು ತಂದು ಕೊಟ್ಟದ್ದರಿಂದ. ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು.

ಕೇಂದ್ರ ಸರ್ಕಾರದ ಹಸ್ತಪ್ರತಿ ಮಿಷನ್ 2003ರಲ್ಲಿ ಶುರುವಾಯಿತು, ಈಗ ಅದು ಜ್ಞಾನ ಭಾರತಂ. ಅವರ ಲೆಕ್ಕದಲ್ಲಿ ಹಸ್ತಪ್ರತಿ ಅಂದರೆ ಕನಿಷ್ಠ 75 ವರ್ಷ ಹಳೆಯದು ಇರಬೇಕು. ನಿಮ್ಮದು 60 ವರ್ಷದ್ದಾದರೆ ಬೇಜಾರು ಬೇಡ, ಅದು 75 ಆಗುವವರೆಗೆ ಉಳಿಯಬೇಕಾದರೆ ಈಗಲೇ ನೋಡಿಕೊಳ್ಳಬೇಕು. ಪ್ರಸಂಗಗಳಿಗೆಂದೇ ಯಕ್ಷವಾಹಿನಿ ಸಂಸ್ಥೆಯವರು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಡುವ ಕೆಲಸ ಮಾಡುತ್ತಿದ್ದಾರೆ.

ಆನ್‌ಲೈನಿನಲ್ಲಿ ಹಾಕುವ ಮೊದಲು ಹಕ್ಕು ನೋಡಿ. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅವರ ಮನೆಯವರದ್ದು. ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳಿಗೆ, 1901ರಲ್ಲಿ ತೀರಿಕೊಂಡ ಮುದ್ದಣನ ರತ್ನಾವತಿ ಕಲ್ಯಾಣಕ್ಕೆ ಯಾವ ತೊಂದರೆಯೂ ಇಲ್ಲ. ಇತ್ತೀಚಿನ ಕವಿಗಳದ್ದಾದರೆ ಅವರ ಮನೆಯವರನ್ನು ಕೇಳಿ.

ಕೊಡುವಾಗ ಸುಮ್ನೆ ಚೀಲದಲ್ಲಿ ಹಾಕಿ ಮೇಜಿನ ಮೇಲಿಟ್ಟು ಬರಬೇಡಿ. ಒಂದು ವಿವರದ ಯಾದಿ ಮಾಡಿ, ಪ್ರಸಂಗದ ಹೆಸರು, ಪುಟ ಅಥವಾ ಗರಿಯ ಸಂಖ್ಯೆ, ಎಲ್ಲಿ ಸಿಕ್ಕಿತು, ಯಾರದ್ದು. ಭಾಗವತರ ಹೆಸರು, ಊರು, ಯಾವ ಕೂಟದಲ್ಲಿ ಹಾಡುತ್ತಿದ್ದರು, ಜೊತೆಗೆ ಮದ್ದಳೆ ಬಾರಿಸುತ್ತಿದ್ದವರು ಯಾರು, ನೆನಪಿದ್ದಷ್ಟು ಬರೆಯಿರಿ. ಇದಿಲ್ಲದಿದ್ದರೆ ನಮ್ಮಂಥ ಲೈಬ್ರರಿಯವರು ‘ಕರ್ಣಪರ್ವ, ಅಪೂರ್ಣ’ ಎಂದು ಬರೆದು ಕಪಾಟಿಗೆ ಸೇರಿಸಬೇಕಾಗುತ್ತದೆ, ಮುಂದೆ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಪೂರ್ತಿ ಕೊಡುತ್ತಿದ್ದೀರಾ, ಇಟ್ಟುಕೊಳ್ಳಲು ಮಾತ್ರ ಕೊಡುತ್ತಿದ್ದೀರಾ ಎನ್ನುವುದು ಕಾಗದದಲ್ಲಿ ಇರಲಿ. ಬೇಕಾದಾಗ ಮನೆಯವರು ನೋಡಬಹುದೇ, ಬೇರೆಯವರಿಗೆ ತೋರಿಸುತ್ತಾರೆಯೇ, ಅದನ್ನೂ ಬರೆಸಿಕೊಳ್ಳಿ. ಹಸ್ತಪ್ರತಿಗೆ ಅವರು ಕೊಡುವ ಸಂಖ್ಯೆ ಕೇಳಿ ಪಡೆಯಿರಿ. ಎಷ್ಟು ವರ್ಷ ಬಿಟ್ಟು ಹೋದರೂ ಆ ಸಂಖ್ಯೆ ಹೇಳಿದರೆ ನಿಮ್ಮ ಕಟ್ಟು ಹೊರಗೆ ಬರಬೇಕು. ನೋಡಲು ಹೋಗುವಾಗ ಮೊದಲೇ ಕಾಗದ ಬರೆದು ಒಪ್ಪಿಗೆ ತೆಗೆದುಕೊಳ್ಳಿ, ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿರಿ.